ಏಳುವಾಗಿನ ಕೆಮ್ಮು

ಚಿಟಕ್.

ಹಿತ್ತಿಲ ಕಡೆಯಿಂದ ಬಂದ ಸದ್ದಿಗೆ ಅವಳು ದಿಗ್ಗನೆ ಎದ್ದು ಕೂತಳು. ಮದುವೆಯಾದಂದಿನಿಂದ ನಡುರಾತ್ರಿ ಈ ಸದ್ದು ಕೇಳಿಯೂ ಕೇಳದವಳಂತೆ ಮಗ್ಗುಲಾದವಳು. ಆದರೆ ಆ ಲೈಟರು ಹೊತ್ತಿಸುತ್ತಿದ್ದ ಗಂಡ ಈಗ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಬೆಳಗಾದರೆ ಮಣ್ಣು.

ಹಿತ್ತಿಲಲ್ಲಿ ಮೈದುನ ನಿಂತಿದ್ದ.

"ಅಣ್ಣಂದೇ. ಹೊಲಿಗೆ ಮಷೀನಿನ ಡ್ರಾಯರಲ್ಲಿತ್ತು," ಎಂದ. ತುಸು ತಡೆದು, "ಸೇದೋದು ಬಿಟ್ಟಿರ್ಲಿಲ್ವಾ ಅತ್ತಿಗೆ?"

ಅವಳು ಕೈ ಚಾಚಿದಳು. ಅವನು ಲೈಟರು ಕೊಟ್ಟ.

ಬೆಳಿಗ್ಗೆ, ಗಂಡನ ಹೊಲಿಗೆ ಅಂಗಡಿಯ ಜೊತೆಗಾರ ದರ್ಜಿ ಹೊಸ ಅಂಗಿ ತಂದ. ಗಂಟಲಿನ ಹೊಲಿಗೆ ಕಾಣದಿರಲೆಂದು ಕಾಲರು ಎತ್ತರ ಇಟ್ಟಿದ್ದ. ಊರವರ ಕತ್ತಿನ ಅಳತೆಯೆಲ್ಲ ಇವನ ಬಾಯಲ್ಲಿತ್ತು, ಇವನ ಕತ್ತಿಗೆ ನಿನ್ನೆ ಮೊದಲ ಸಲ ಟೇಪು ಹಿಡಿದೆ ಎಂದು ಮೂಗೊರೆಸಿಕೊಂಡ.

"ಚಟ ಅಂದ್ರೇನು ಅಂತಾನೇ ಗೊತ್ತಿರ್ಲಿಲ್ಲ ಪಾಪ," ಎಂದಳು ಅವಳ ಅಕ್ಕ. "ನಮ್ಮನೆಯವ್ರನ್ನ ನೋಡು. ದಿನಾ ತೂರಾಡ್ತಾ ಬಂದ್ರೂ ಗುಂಡುಕಲ್ಲಿನ ಹಾಗಿದಾರೆ."

* * *

ಗಂಟಲಿನ ಗಡ್ಡೆ ತೆಗೆಯುವ ಹಿಂದಿನ ದಿನ ಅರಿವಳಿಕೆ ಕೊಡುವ ಡಾಕ್ಟರು, ಇನ್ನೂ ಹುಡುಗಿ, ಮಂಚದ ಬಳಿ ಬಂದು ಬಿಡಿಸಿ ಹೇಳಿದ್ದಳು. ಎಚ್ಚರವಾಗುವಾಗ ಜೋರಾಗಿ ಕೆಮ್ಮಿದರೆ ಒಳಗೆ ರಕ್ತ ಒಸರಬಹುದು.

"ಸೇದ್ತೀರಾದ್ರೆ ಹೇಳ್ಬಿಡಿ. ಕೆಮ್ಮು ತಡೆಯೋಕೆ ಬೇರೆ ಔಷಧಿ ಕೊಟ್ಟು ಎಬ್ಬಿಸ್ತೀನಿ."

ಗಂಡ ಹೆಂಡತಿಯ ಮುಖ ನೋಡಿದ. ಪಕ್ಕದ ಸ್ಟೂಲಿನಲ್ಲಿ ಅಕ್ಕ ಕೂತಿದ್ದಳು. ತವರಿನಲ್ಲಿ ತಂಗಿಯಾದ ಇವಳು ತಲೆಯೆತ್ತಿ ಓಡಾಡುತ್ತಿದ್ದುದು, ತನ್ನ ಗಂಡನಿಗೆ ಯಾವ ಚಟವೂ ಇಲ್ಲವೆಂಬ ಒಂದೇ ಮಾತಿನ ಮೇಲೆ.

"ನಮ್ಮನೆಯವ್ರಿಗೆ ಅಂಥ ಅಭ್ಯಾಸ ಇಲ್ಲ," ಎಂದಳು.

"ಅವಳು ಹೇಳಿದ್ಮೇಲೆ ಇಲ್ಲ ಬಿಡಿ," ಎಂದು ಅವನು ನಕ್ಕ.

ಮರುದಿನ ಅವನ ಏಳುವಾಗಿನ ಕೆಮ್ಮು ಹೊರಗಿನ ಬೆಂಚಿನವರೆಗೂ ಕೇಳಿಸಿತು. ಸಂಜೆಗೆ ಕತ್ತು ಊದಿಕೊಂಡಿತು. ಮತ್ತೆ ಒಳಗೆ ಕರೆದೊಯ್ಯುವಷ್ಟರಲ್ಲಿ ಉಸಿರು ಕಟ್ಟಿತು.

* * *

ಹೆಣ ಎತ್ತುವ ಹೊತ್ತಿಗೆ ಆ ಡಾಕ್ಟರು ಹುಡುಗಿ ಒಬ್ಬಳೇ ಬಂದಳು. ಮೈದುನ ಬಾಗಿಲಿಗೆ ಅಡ್ಡ ನಿಂತ.

"ಎಬ್ಬಿಸೋಕೆ ಬರದಿದ್ರೆ ಮಲಗಿಸ್ತೀರಾ ಯಾಕೆ?" ಕೇಸು ಹಾಕುತ್ತೇನೆ ಎಂದು ಕೂಗಾಡಿದ. ದನಿ ಬೇಕಾದ್ದಕ್ಕಿಂತ ಎತ್ತರವಿತ್ತು.

ಹುಡುಗಿ ಅವನನ್ನು ದಾಟಿ ಬಂದು ಹೆಂಡತಿಯ ಮುಂದೆ ಕುಕ್ಕರಿಸಿದಳು. "ಅಮ್ಮಾ, ಅವ್ರು ಸೇದ್ತಿದ್ರಾ? ನನ್ನ ಕೆಲಸ ಹೋಗ್ತಾ ಇದೆ. ಇವತ್ತಾದ್ರೂ ಹೇಳಿ."

ಅಕ್ಕನ ಕೈ ತಂಗಿಯ ಹೆಗಲ ಮೇಲಿತ್ತು. ಮೈದುನ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಹೆಂಡತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಲೈಟರು ಒತ್ತುತ್ತಿತ್ತು.

"ಆವತ್ತೇ ಹೇಳಿದ್ನಲ್ಲಮ್ಮ."

ಹುಡುಗಿ ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಂಡಳು. ಮೈದುನ ನೆಲ ನೋಡುತ್ತಿದ್ದ.

"ಎತ್ತೋಣ್ವಾ?" ಎಂದರು ಯಾರೋ.

"ತಾಳಿ."

ಅವಳು ಗಂಡನ ಮೇಲೆ ಬಾಗಿ ಕಾಲರು ಸರಿಮಾಡಿದಳು. ಸೆರಗಿನ ಮರೆಯಲ್ಲೇ ಲೈಟರನ್ನು ಅವನ ಜೇಬಿಗೆ ಇಳಿಬಿಟ್ಟಳು. ಇನ್ನು ಯಾರು ಕೇಳಿದರೂ ತಾನು ಹೇಳುವುದಿಲ್ಲ. ಜೇಬಿನ ಕಾಜಾ ಹೊಸದು, ಬಿಗಿ. ಗುಂಡಿ ಜಾರಿತು, ಮತ್ತೆ ಜಾರಿತು. ಅದು ಕೂರುವವರೆಗೂ ಅವಳು ಬಿಡಲಿಲ್ಲ.