ನಿಯಮದಲ್ಲಿಲ್ಲದ ಸೂಜಿ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ತಂಗಿಯ ಬಲಗೈ ಹೆಬ್ಬೆರಳಿಗೆ ಸೂಜಿ ಚುಚ್ಚಿತು. ಕೈಗವಸು ದಾಟಿ, ಉಗುರಿನ ಬುಡದವರೆಗೆ.

ಊರಿನ ಕಸ ಸುಡುವ ಕುಲುಮೆಗೆ ಹೋಗುವ ಬೆಲ್ಟಿನ ಪಕ್ಕ ನಾವು ಹನ್ನೊಂದು ಹೆಂಗಸರು ನಿಂತು ಗಾಜು, ಕಬ್ಬಿಣ ಆರಿಸುತ್ತೇವೆ. ಕುಲುಮೆಯಿಂದ ಮೂರನೇ ಜಾಗ ಖಾಲಿ ಬಿಡುತ್ತೇವೆ. ಅಲ್ಲಿ ಅವಳ ಅಕ್ಕ ನಿಲ್ಲುತ್ತಿದ್ದಳು; ಅದಕ್ಕೇ ಇವಳು ನಮಗೆಲ್ಲ ತಂಗಿ. ಅಕ್ಕ ಈಗಿಲ್ಲ. ಆ ಅಕ್ಕನಿಗೂ ಸೂಜಿಯೇ ಚುಚ್ಚಿದ್ದು. ಹನ್ನೊಂದು ತಿಂಗಳಿಗೆ ಸತ್ತಳು. ಅಂದಿನಿಂದ ಆ ಜಾಗದ ಕಸವನ್ನು ಯಾರೂ ಮುಟ್ಟುವುದಿಲ್ಲ. ಕೆಲವರಿಗೆ ಅಲ್ಲಿ ಕೆಮ್ಮು ಕೇಳಿಸುತ್ತದೆ. ನನಗೂ ಎರಡು ಸಲ ಕೇಳಿಸಿದೆ.

ತಂಗಿಗೆ ಚುಚ್ಚಿದ ದಿನ ಬೆಳಿಗ್ಗೆ ಮೇಸ್ತ್ರಿ ಬಂದ. "ಏನ್ರೇ, ಸತ್ತೋಳಿಗೂ ಜಾಗ ಕಾದಿರಿಸ್ಬೇಕಾ? ಯಾರಾದ್ರೂ ನಿಲ್ರೇ ಮುಂಡೇವಾ!"

ಯಾರೂ ಕದಲಲಿಲ್ಲ. "ನಮ್ಮಕ್ಕ ನನಗೇನು ಮಾಡ್ತಾಳೆ ಬಿಡ್ರೇ," ಎಂದು ತಂಗಿ ಹೋಗಿ ನಿಂತಳು. ಸ್ವಲ್ಪ ಹೊತ್ತಿಗೆ ತಿರುಗಿ, "ಯಾರೇ ನನ್ನ ತೋಳು ಜಗ್ಗಿದ್ದು?" ಎಂದಳು. ಯಾರೂ ಜಗ್ಗಿರಲಿಲ್ಲ. ಅಷ್ಟರಲ್ಲಿ ಆಸ್ಪತ್ರೆ ಕಸದ ಹರಿದ ಕೆಂಪು ಚೀಲ ಅವಳ ಕೈಗೆ ಬಂದಿತ್ತು.

ಸೋಂಕು ತಡೆಯುವ ಮಾತ್ರೆ ಕೆಲವೇ ಗಂಟೆಗಳಲ್ಲಿ ಶುರುವಾಗಬೇಕು. ಅದಕ್ಕೆ, ಕೆಲಸದಲ್ಲೇ ಚುಚ್ಚಿತು ಎಂಬ ಪತ್ರ ಆಸ್ಪತ್ರೆಗೆ ಬೇಕು. ಅವಳೂ ನಾನೂ ಆ ಪತ್ರ ಬರೆದುಕೊಡುವ ಸಾಹೇಬರ ಕೋಣೆಗೆ ಹೋದೆವು.

ಸಾಹೇಬರು ನಿಯಮದ ಪುಸ್ತಕ ತೆರೆದು ಓದಿದರು. "ಪುರಸಭೆ ತ್ಯಾಜ್ಯ ಎಂದರೆ ಮನೆ, ಅಂಗಡಿ, ಕಚೇರಿಗಳ ಕಸ. ಆಸ್ಪತ್ರೆಯ ತ್ಯಾಜ್ಯ ಇದರಲ್ಲಿ ಸೇರುವುದಿಲ್ಲ." ಪುಸ್ತಕ ಮುಚ್ಚಿದರು. "ನಾವು ಸುಡೋದು ಪುರಸಭೆ ತ್ಯಾಜ್ಯ ಮಾತ್ರ. ಆಸ್ಪತ್ರೆ ಸೂಜಿ ಇಲ್ಲಿಗೆ ಬರೋಕೇ ಸಾಧ್ಯ ಇಲ್ಲಮ್ಮ."

"ಬಂದು ಚುಚ್ಚಿದೆಯಲ್ಲ ಸ್ವಾಮಿ," ಎಂದಳು ತಂಗಿ.

"ಮನೇಲಿ ಚುಚ್ಚಿಸ್ಕೊಂಡಿರ್ತೀಯ. ಹಾಗೇ ಬರ್ಕೊಡ್ತೀನಿ, ಹೆಬ್ಬೆಟ್ಟು ಒತ್ತು. ನಿಮ್ಮಕ್ಕ ತಕರಾರು ಮಾಡ್ದೆ ಒತ್ತಿದ್ಲು."

ಕಡತದಿಂದ ಅಕ್ಕನ ಕಾಗದ ತೆಗೆದು ತೋರಿಸಿದರು. ಬಟ್ಟೆ ಹೊಲಿಯುವಾಗ ಸೂಜಿ ಚುಚ್ಚಿದೆ ಎಂದಿತ್ತು. ಕೆಳಗೆ ನೀಲಿ ಹೆಬ್ಬೆಟ್ಟು. ತಂಗಿ ಅದರ ಮೇಲೆ ತನ್ನ ಹೆಬ್ಬೆರಳಿಟ್ಟು ನೋಡಿದಳು. ಅಳತೆ ಸರಿಯಾಗಿತ್ತು. ಬೆರಳು ಎತ್ತಿದಾಗ ಕಾಗದದಲ್ಲಿ ರಕ್ತ ಉಳಿಯಿತು.

"ನಮ್ಮನೇಲಿ ಹೊಲಿಗೆ ಸೂಜೀನೇ ಇರ್ಲಿಲ್ಲ ಕಣೋ ಬೋಳಿಮಗ್ನೆ," ಎಂದಳು. ದನಿ ಏರಿಸಲಿಲ್ಲ.

ಹೆಬ್ಬೆಟ್ಟು ಒತ್ತದೆ ನಾವು ಹಿಂತಿರುಗಿದಾಗ ಮೇಸ್ತ್ರಿ ಆ ಕೆಂಪು ಚೀಲವನ್ನು ಕುಲುಮೆಗೆ ತಳ್ಳಲು ಕೋಲು ಹುಡುಕುತ್ತಿದ್ದ. ನಮ್ಮವರು ಬೆಲ್ಟು ನಿಲ್ಲಿಸಿ ಚೀಲದ ಸುತ್ತ ನಿಂತಿದ್ದರು.

"ಕೋಲ್ಯಾಕೋ? ಮನೆ ಕಸ ತಾನೆ, ಕೈ ಹಾಕು," ಎಂದಳು ನಮ್ಮಲ್ಲಿ ಹಿರಿಯಳಾದ ಬೊಚ್ಚಜ್ಜಿ. "ನಿನ್ನ ಕೈಯೇನು ಮದರಂಗಿ ಹಚ್ಚಿದ ಮದುವೆ ಕೈಯಾ?"

ಅವನು ಕೈ ಹಾಕಲಿಲ್ಲ.

ಚೀಲದ ಮೇಲೆ ದೊಡ್ಡಾಸ್ಪತ್ರೆಯ ಹೆಸರು, ವಾರ್ಡಿನ ಸಂಖ್ಯೆ, ಹಿಂದಿನ ದಿನದ ತಾರೀಖು ಇತ್ತು. ತಂಗಿ ಅದನ್ನು ಬಕೆಟ್ಟಿಗೆ ಹಾಕಿಕೊಂಡು ಹೊರಟಳು. ಗೇಟಿನಲ್ಲಿ ಕಾವಲುಗಾರ ಅಡ್ಡ ಬಂದ.

"ಇದು ಇಲ್ಲಿ ಇಲ್ಲವೇ ಇಲ್ವಂತೆ," ಎಂದಳು. "ಇಲ್ಲದ್ದನ್ನ ಹೆಂಗೋ ತಡೀತೀಯ?"

ದೊಡ್ಡಾಸ್ಪತ್ರೆಯಲ್ಲಿ ಬಕೆಟ್ಟನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟಳು. "ನಿಮ್ದೇ. ನೋಡ್ಕೊಳ್ಳಿ."

ಡಾಕ್ಟರಮ್ಮ ಚೀಲದ ಮೇಲಿನ ಚೀಟಿ ಓದಿದರು. ಎದ್ದು ಬಾಗಿಲು ಹಾಕಿದರು. ಪತ್ರ ಕೇಳಲಿಲ್ಲ. ಎರಡು ಹತ್ತಕ್ಕೆ ಮೊದಲ ಮಾತ್ರೆ ಕೊಟ್ಟರು.

ಮರುದಿನದಿಂದ ಸೂಜಿಗಳು ಹೆಸರಿಲ್ಲದ ಕಪ್ಪು ಚೀಲಗಳಲ್ಲಿ ಬಂದವು.