ಯಾಕ ಮಾರಾಕತ್ತೀರಿ

"ಆತು, ಅದನ್ನೂ ಬರೀಸೋಣಂತ," ಎಂದು ಸುಮೇಧಾ ಬಾಯಿ ಕಾಗದದ ಮೇಲೆ ಗುರುತು ಹಾಕಿಕೊಂಡಾಗ ದ್ರಾಕ್ಷಾಯಿಣಿಗೆ ಒಂದು ಗಳಿಗೆ ನಂಬಿಕೆಯೇ ಬರಲಿಲ್ಲ. ಸಂಬಳ ಸಾವಿರ ಹೆಚ್ಚು ಕೇಳಿದ್ದಳು, ಆತು. ಬಸ್ ಪಾಸ್ ಕೇಳಿದ್ದಳು, ಅದೂ ಆತು. ಮೂರು ಕೇಳು, ಒಂದು ಗಿಟ್ಟಿಸು ಎಂದು ಅಪ್ಪ ಕಲಿಸಿದ ಲೆಕ್ಕ. ಮೂರನೆಯದು ಬಾಕಿ ಇತ್ತು, ಅವಳಿಗೆ ಬೇಕಾದದ್ದೂ ಅದೊಂದೇ.

ವಿದ್ಯಾನಗರದ ಈ ಎರಡನೇ ಮಹಡಿಯ ಏಜೆನ್ಸಿಗೆ ಅವಳು ನಾಲ್ಕು ವರ್ಷದಿಂದ ಎಡತಾಕುತ್ತಿದ್ದಳು. ಏಜೆನ್ಸಿಯವರು ಅವಳನ್ನು ಒಂದು ವರ್ಷ ಕಣ್ಣಿನ ಡಾಕ್ಟರರಲ್ಲಿ ಚೀಟಿ ಬರೆಯಲು ಕಳಿಸಿದರು, ಇನ್ನೊಂದು ವರ್ಷ ಸೀರೆ ಅಂಗಡಿಯಲ್ಲಿ ಬಿಲ್ಲು ಹರಿಯಲು. ಎಲ್ಲಿ ಹೋದರೂ ಹನ್ನೊಂದು ತಿಂಗಳು ತುಂಬುವುದರೊಳಗೆ "ನಾಳಿಂದ ಸಾಕ್ರಿ". ಚಹಾದ ಕಪ್ಪೊಂದು ತನ್ನದು ಎಂದು ಗುರುತು ಹತ್ತುವಷ್ಟರಲ್ಲಿ ಅದು ಇನ್ನೊಬ್ಬರ ಕಪ್ಪಾಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಉಪ್ಪಿನಬೆಟಗೇರಿಯ ತವರಿಗೆ ಬಂದವಳು. ಮಗಳು ಸಾನ್ವಿ ಮೂರನೇ ಇಯತ್ತೆ. ಸಾಲಿಯ ಫಾರ್ಮಿನಲ್ಲಿ 'ತಾಯಿಯ ಉದ್ಯೋಗ' ಎಂಬಲ್ಲಿ ಆ ಹುಡುಗಿ ಪೆನ್ಸಿಲ್ಲಿನಿಂದ ಬರೆಯುತ್ತಿದ್ದಳು. "ಮುಂದಿನ ವರ್ಷ ಅಳಿಸಬೇಕಲ್ಲವ್ವ" ಎಂದಿದ್ದಳು ಒಮ್ಮೆ, ನಗುತ್ತಲೇ. ಆ ನಗೆ ದ್ರಾಕ್ಷಾಯಿಣಿಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

"ಇನ್ನೊಂದೈತ್ರಿ," ಎಂದಳು ಸೆರಗು ಸರಿಮಾಡಿಕೊಂಡು. "ಮೂರು ವರ್ಷ ನನ್ನ ತಗೀಬಾರದು. ಹಂಗಂತ ಬರದು ಕೊಡ್ರಿ."

ಸುಮೇಧಾ ಬಾಯಿ ಮಾಳಮಡ್ಡಿಯವರು, ಮಾತು ಹಾಲಿನಷ್ಟು ಮೆತ್ತಗೆ. "ಅದಕ್ಕೇನ್ರೀ, ಕೊಡೋಣ. ನೀವೂ ಮೂರು ವರ್ಷ ಬಿಡಂಗಿಲ್ಲಂತ ಬರೀಬೇಕಾಗ್ತದ. ಎರಡೂ ಕಡೆ ಸರಿ ಇರಬೇಕು ನೋಡ್ರಿ. ಅಲ್ಲೀ ತನಕ ಅಸಲು ಮಾರ್ಕ್ಸ್ ಕಾರ್ಡ್ ನಮ್ಮ ಕಪಾಟಿನ್ಯಾಗ ಇರ್ಲಿ."

"ನಾ ಯಾಕ ಬಿಡ್ಲಿರಿ?" ಎಂದು ದ್ರಾಕ್ಷಾಯಿಣಿ ನಕ್ಕೇಬಿಟ್ಟಳು. ಸುಮೇಧಾ ಬಾಯಿ ನಗಲಿಲ್ಲ. ಮಾರ್ಕ್ಸ್ ಕಾರ್ಡ್ ಇಸಿದುಕೊಂಡು ಕಪಾಟಿಗೆ ಬೀಗ ಹಾಕುವವರೆಗೂ ತಲೆ ಎತ್ತಲಿಲ್ಲ.

ಅಂದು ಬಸ್ಸಿನಲ್ಲಿ ದ್ರಾಕ್ಷಾಯಿಣಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಇಳಿದವಳೇ ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪನ ಮುಂದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಪ್ಯಾಟೆಯ ಹೊರಗಿನ ಕಾರ್ಖಾನೆ, ಹತ್ತಿ ಬೆಳೆಯ ಹುಳಕ್ಕೆ ಹೊಡೆಯುವ ಎಣ್ಣೆ ತಯಾರಿಸುತ್ತಾರೆ, ಅಲ್ಲಿ ಸ್ಟೋರ್ ಕೀಪರ್, ಕೇಳಿದ್ದೆಲ್ಲ ಕೊಟ್ಟರು.

ಶಿದ್ದಪ್ಪ ನಲವತ್ತು ವರ್ಷ ದನದ ಸಂತೆಯಲ್ಲಿ ದಲಾಲಿ ಮಾಡಿದವನು. ಟವೆಲ್ಲಿನ ಕೆಳಗೆ ಕೈ ಇಟ್ಟು, ಬೆರಳು ಹಿಡಿದು, ಬಾಯಿಬಿಡದೆ ಎತ್ತಿನ ದರ ಮುರಿಯುವುದರಲ್ಲಿ ಸುತ್ತಲಿನ ಹತ್ತೂರಿನಲ್ಲಿ ಅವನ ಸಮ ಇರಲಿಲ್ಲ. ಮಗಳ ಮಾತು ಮುಗಿದರೂ ಅವನು ಎಲೆ ಅಡಿಕೆ ಅಗಿಯುತ್ತಲೇ ಇದ್ದ.

"ಅವ್ರು ಒಂದಕ್ಕೂ ಜಗ್ಗಾಡಲಿಲ್ಲ?"

"ಒಂದಕ್ಕೂ ಇಲ್ಲಪ್ಪ."

"ಸಂತ್ಯಾಗ ಮೊದಲ ಏನ್ ಕೇಳ್ತೇವಿ?"

ದ್ರಾಕ್ಷಾಯಿಣಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅವನ ಹೆಗಲ ಮೇಲೆ ಕುಳಿತು ನೂರು ಸಲ ಕೇಳಿದ ಮಾತು. ಹಲ್ಲು ಹಿಡಿದು ನೋಡುವ ಮೊದಲು, ಟವೆಲ್ ಹಾಸುವ ಮೊದಲು ಕೇಳುವುದು ಒಂದೇ. ಯಾಕ ಮಾರಾಕತ್ತೀರಿ?

"ಆ ಕುರ್ಚಿ ಯಾಕ ಖಾಲಿ ಬಿತ್ತು? ಮೊದಲಿನಾಕಿ ಯಾಕ ಬಿಟ್ಲು? ಕೇಳಿದೇನ?"

ಅವಳು ಕೇಳಿರಲಿಲ್ಲ.

"ಎಮ್ಮಿ ನೀರಾಗಿಟ್ಟು ವ್ಯಾಪಾರ ಮಾಡಿ ಬಂದಿಯಲ್ಲ ನನ್ನವ್ವ," ಎಂದ ಶಿದ್ದಪ್ಪ. ಬೈಗುಳದ ದನಿಯಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ಆದರೂ ಸೋಮವಾರ ಬೆಳಿಗ್ಗೆ ಇಸ್ತ್ರಿಯ ಸೀರೆ ಉಟ್ಟು ಹೊರಟಳು. ಮುದುಕರಿಗೆ ಎಲ್ಲದರಲ್ಲೂ ಕುಂಟೆತ್ತೇ ಕಾಣುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಗೇಟಿನೊಳಗೆ ಕಾಲಿಟ್ಟ ಕೂಡಲೇ ವಾಸನೆ ಮೂಗಿಗೆ ಹೊಡೆಯಿತು. ಊರ ಹೊಲಗಳಲ್ಲಿ ಎಣ್ಣೆ ಹೊಡೆದ ದಿನ ಬರುವ ವಾಸನೆಯೇ, ಆದರೆ ಹೊಲದಲ್ಲಿ ಗಾಳಿ ಇರುತ್ತದೆ. ಇಲ್ಲಿ ತಗಡಿನ ಗೋದಾಮು, ಛತ್ತಿನವರೆಗೆ ನೀಲಿ ಡ್ರಮ್ಮು, ಮೂಲೆಯಲ್ಲಿ ಅವಳ ಮೇಜು. ಕಿಟಕಿಯೊಂದಿತ್ತು, ಅದಕ್ಕೆ ಮೊಳೆ ಬಡಿದಿದ್ದರು. ಮೂಗಿಗೆ ಕಟ್ಟಿಕೊಳ್ಳಲು ಏನಾದರೂ ಕೊಡುತ್ತಾರೇನೋ ಎಂದು ಕಾದಳು. ಯಾರೂ ಕೊಡಲಿಲ್ಲ. ಡ್ರಮ್ಮು ಉರುಳಿಸುವ ಹುಲಗಪ್ಪ ಎಂಬ ಐವತ್ತರ ಆಳು ಮಾತ್ರ ಮುಖಕ್ಕೆ ವಸ್ತ್ರ ಸುತ್ತಿಕೊಂಡಿದ್ದ. ರಜಿಸ್ಟರು ತೋರಿಸಿ, "ಬಂದದ್ದು, ಹೋದದ್ದು ಬರಕೋತ ಹೋಗ್ರಿ ಅಕ್ಕಾರ," ಎಂದು ಹೇಳಿ ತನ್ನ ಕೆಲಸಕ್ಕೆ ಹೋದ.

ಮೇಜಿನ ಡ್ರಾವರಿನಲ್ಲಿ ಹಲ್ಲು ಮುರಿದ ಬಾಚಣಿಗೆ ಇತ್ತು, ಹಣೆಗೆ ಹಚ್ಚುವ ಟಿಕಳಿಯ ಚೀಟಿ ಇತ್ತು, ಅದರಲ್ಲಿ ನಾಲ್ಕೇ ಟಿಕಳಿ ಖರ್ಚಾಗಿದ್ದವು. ದ್ರಾಕ್ಷಾಯಿಣಿ ಡ್ರಾವರು ಮುಚ್ಚಿ ರಜಿಸ್ಟರು ತೆರೆದಳು.

ಮೊದಲ ಹಾಳೆಯ ಅಕ್ಷರ ಬಲಕ್ಕೆ ವಾಲಿದ, ಚಂದದ ಅಕ್ಷರ. ಒಂದೊಂದೇ ಹಾಳೆ ತಿರುವಿದಳು. ನಾಲ್ಕನೇ ತಿಂಗಳಿಗೆ ಅಂಕಿಗಳು ಗೆರೆ ಬಿಟ್ಟು ಇಳಿದಿದ್ದವು. ಏಳನೇ ತಿಂಗಳಿಗೆ ಕಾಲು ಸೋತ ಎತ್ತು ದಾರಿ ಬಿಟ್ಟು ಹೋಗುವ ಹಾಗೆ ಸಾಲು ಪಕ್ಕಕ್ಕೆ ಹೋಗಿತ್ತು, ಸೊನ್ನೆಗಳು ನಡುಗಿದ್ದವು. ಒಂದು ಸಾಲು ಅರ್ಧಕ್ಕೇ ನಿಂತಿತ್ತು. ಅದರ ಕೆಳಗೆ ಬೇರೆ ಅಕ್ಷರ, ಗುಂಡಗೆ, ಹೊಸ ಸಾಲಿ ಟೀಚರಿನ ಅಕ್ಷರದ ಹಾಗೆ. ಆರು ತಿಂಗಳು ದಾಟುತ್ತಲೇ ಅದೂ ನಡುಗಿತ್ತು. ಆಮೇಲೆ ಮೂರನೆಯವಳು. ಅವಳದು ಐದೇ ತಿಂಗಳು, ಅವಳ ಕೊನೆಯ ಸಾಲೂ ಅರ್ಧಕ್ಕೇ ನಿಂತಿತ್ತು.

ಊಟದ ಹೊತ್ತಿಗೆ ದ್ರಾಕ್ಷಾಯಿಣಿ ಗೇಟಿನಾಚೆಯ ಚಹಾದಂಗಡಿಗೆ ಓಡಿ ಕಾಯಿನ್ ಬಾಕ್ಸ್ ಫೋನಿನಲ್ಲಿ ರೂಪಾಯಿ ಹಾಕಿ ಏಜೆನ್ಸಿಗೆ ಹಚ್ಚಿದಳು.

"ನಂಗ ಈ ಕೆಲಸ ಬ್ಯಾಡ್ರಿ ಬಾಯಾರ. ಮತ್ತ ಸೀರಿ ಅಂಗಡಿಗೇ ಕಳಸ್ರಿ."

"ಮೂರು ವರ್ಷಂತ ನೀವ ಬರೀಸೀರಲ್ರೀ," ಎಂದಿತು ಆ ಮೆತ್ತನೆಯ ದನಿ. "ನಡುವ ಬಿಟ್ರ ಮಾರ್ಕ್ಸ್ ಕಾರ್ಡ್ ಕೊಡ್ಲಿಕ್ಕೆ ಬರೂದಿಲ್ಲ. ಬ್ಯಾರೆ ಕಡೆ ಕಳಸ್ಲಿಕ್ಕೂ ಬರೂದಿಲ್ಲ. ನಮ್ಮ ಕೈಯಾಗ ಏನೂ ಇಲ್ಲ ನೋಡ್ರಿ."

"ಮೊದಲಿನಾಕಿ ಯಾಕ ಬಿಟ್ಲ್ರಿ?"

"ಅವರಿಗೆ ಆರಾಮ ಇರಲಿಲ್ಲ."

"ಮೂವರಿಗೂನ್ರಿ?"

ಡಬ್ಬಿ ಇನ್ನೊಂದು ರೂಪಾಯಿ ಕೇಳುತ್ತ ಕೀರ್ ಕೀರ್ ಅಂದಿತು. ಹುಡುಕಿದರೆ ಚೀಲದಲ್ಲಿ ಚಿಲ್ಲರೆ ಇತ್ತು. ಆದರೆ ಕೇಳಲು ಇನ್ನೇನೂ ಉಳಿದಿರಲಿಲ್ಲ.

ಬಿಸಿಲಿನಲ್ಲಿ ಬಹಳ ಹೊತ್ತು ನಿಂತಳು. ಹಾಗೇ ಬಸ್ಸು ಹತ್ತಿ ಹೋಗಿಬಿಡಬಹುದಿತ್ತು. ಆದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡರ ಕಾರ್ಡೂ ಆ ಕಪಾಟಿನಲ್ಲಿದ್ದವು. ಅವಿಲ್ಲದಿದ್ದರೆ ಹೊಲದ ಕೂಲಿಯೊಂದೇ ಗತಿ. ಸಾನ್ವಿ ಆ ವರ್ಷದ ಫಾರ್ಮಿನಲ್ಲಿ ಆಗಲೇ ಬರೆದುಬಿಟ್ಟಿದ್ದಳು, ಮೊದಲ ಸಲ ಪೆನ್ನಿನಿಂದ. ದ್ರಾಕ್ಷಾಯಿಣಿ ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಒಳಗೆ ಹೋದಳು.

ಮಧ್ಯಾಹ್ನದ ಲಾರಿ ಬಂತು. ನಲವತ್ತು ಡ್ರಮ್ಮು ಇಳಿದವು. ಮೂರನೆಯವಳ ಅರ್ಧಕ್ಕೆ ನಿಂತ ಸಾಲಿನ ಕೆಳಗೆ ಒಂದು ಗೆರೆ ಎಳೆದು, ತಾರೀಕು ಹಾಕಿ, ಅವಳು ನಿಧಾನವಾಗಿ ಬರೆದಳು. ಕನ್ನಡ ಸಾಲಿಯಲ್ಲಿ ಶುದ್ಧ ಬರಹಕ್ಕೆ ಬಹುಮಾನ ತಂದ ಕೈ ಅದು. ಸಹಿ ಹಾಕಿಸಲು ಚಲನ್ ಹಿಡಿದು ಬಂದ ಹುಲಗಪ್ಪ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಅಕ್ಷರ ಭಾಳ ಛಲೋ ಅದಾವ್ರಿ ಅಕ್ಕಾರ," ಎಂದ. ಮುಖದ ವಸ್ತ್ರ ಬಿಚ್ಚಿ ಬೆವರು ಒರೆಸಿಕೊಂಡ. "ಮೊದಲಿನವರವೂ ಹಿಂಗ ಇದ್ದುವು."

ಸಂಜೆ ಶಿದ್ದಪ್ಪ ಬಸ್‌ಸ್ಟ್ಯಾಂಡಿಗೇ ಬಂದು ಕಾಯುತ್ತಿದ್ದ. ಅವಳು ಇಳಿದಾಗ ಹತ್ತಿರ ಬಂದವನು ಸೀರೆಯ ವಾಸನೆಗೆ ಒಂದು ಹೆಜ್ಜೆ ಹಿಂದೆ ಸರಿದ.

"ಕೇಳಿದೇನ?"

"ಕೇಳಿದೆ," ಎಂದಳು. "ಮೂವರ ಕೈಯೂ ನಡುಗ್ಯಾವಪ್ಪ." ಇಬ್ಬರೂ ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಕುಳಿತರು. ಶಿದ್ದಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಅವಳ ಬಲಗೈ ಮೇಲೆ ಹಾಸಿದ. ಅದರ ಕೆಳಗೆ ತನ್ನ ಕೈ ತೂರಿಸಿ, ಸಂತೆಯಲ್ಲಿ ಹಿಡಿಯುವ ಹಾಗೆಯೇ, ಅವಳ ಐದೂ ಬೆರಳನ್ನು ಒಂದೊಂದಾಗಿ ಹಿಡಿದು ನೋಡಿದ. ದರ ಹೇಳಲಿಲ್ಲ. ಕೈಯನ್ನೂ ಬಿಡಲಿಲ್ಲ.