ನಡುಮನೆಯ ಗೋಡೆಗೆ ಮಸಿ

ಜರಗನಹಳ್ಳಿಯ ತಿಮ್ಮರಾಯಪ್ಪನ ಮಗಳು ಬೈರಮ್ಮನನ್ನು ನೋಡಲು ಬಂದ ಮೂರನೆಯ ಗಂಡಿನ ಕಡೆಯವರೂ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹೇಳಿ ಕಳಿಸುತ್ತೇವೆಂದು ಹೋದವರು ಏನನ್ನೂ ಹೇಳಿ ಕಳಿಸಲಿಲ್ಲ. ಹೇಳುವುದಾದರೂ ಏನಿತ್ತು? ಅಂಗಳ ದಾಟುವ ಮೊದಲೇ ಅವರಲ್ಲೊಬ್ಬ ಮುದುಕ, "ಲಕ್ಷಣವಾಗವ್ಳೆ, ಇನ್ನೊಂಚೂರು ಬಣ್ಣ ಇದ್ದಿದ್ರೆ..." ಎಂದದ್ದು ಕೊಟ್ಟಿಗೆಯ ಹಸುವಿಗೂ ಕೇಳಿಸಿತ್ತು.

ತಿಮ್ಮರಾಯಪ್ಪ ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ಸೊಪ್ಪಿನ ತೋಟಕ್ಕೆ ಹೋಗಿಬಿಟ್ಟ. ಅವನ ಅಕ್ಕ ಅಂಜನಮ್ಮ ಮಾತ್ರ ಹಾಗೆಲ್ಲ ಕೈಬಿಡುವವಳಲ್ಲ. ತಾಯಿಯಿಲ್ಲದ ಬೈರಮ್ಮನನ್ನು ಸಾಕಿದವಳು ಅವಳೇ. ಹುಡುಗಿಯ ಕೈ ಹಿಡಿದು ಮನೆಯಲ್ಲೆಲ್ಲ ತಿರುಗಿಸಿದಳು. ಬಾಗಿಲಲ್ಲಿ ನಿಲ್ಲಿಸಿದಳು, ಕಂಬದ ಪಕ್ಕ ನಿಲ್ಲಿಸಿದಳು, ಒಲೆಯ ಮುಂದೆ ಕೂರಿಸಿದಳು. ಒಲೆಯ ಮುಂದೆ ಅವಳಿಗೆ ಜ್ಞಾನೋದಯವಾಯಿತು.

"ತಪ್ಪು ನಿಂದಲ್ಲ ಕಣೇ," ಎಂದಳು. "ಗೋಡೇದು."

ಜಯನಗರದಲ್ಲಿ ಏಳುತ್ತಿದ್ದ ಹೊಸ ಬಂಗಲೆಗಳ ಮೇಸ್ತ್ರಿಯಿಂದ ಮಿಕ್ಕ ಸುಣ್ಣ ತಂದು ತಿಮ್ಮರಾಯಪ್ಪ ನಡುಮನೆಗೆ ಬಳಿಸಿದ್ದ. ಗೋಡೆ ಕಣ್ಣು ಕುಕ್ಕುತ್ತಿತ್ತು. ಅಂಜನಮ್ಮ ಹೋಗಿ ಒಂದು ಬದನೆಕಾಯಿ ತಂದಳು. ಸುಣ್ಣದ ಗೋಡೆಗೆ ಆನಿಸಿ ಹಿಡಿದಳು. ಆಮೇಲೆ ಮಸಿ ಹಿಡಿದ ಅಡುಗೆಮನೆಯ ಗೋಡೆಗೆ ಆನಿಸಿ ಹಿಡಿದಳು.

"ನೋಡು, ಇಲ್ಲಿ ಬದನೆಕಾಯಿ ಹೆಂಗೆ ಕಳೆಕಳೆಯಾಗೈತೆ."

ಬೈರಮ್ಮ ನೋಡಿದಳು. ನಿಜವೇ. ಬದನೆಕಾಯಿಗೆ ಒಳ್ಳೆಯ ಸಂಬಂಧ ಕೂಡಿಬರುವಂತಿತ್ತು.

"ನನಗೇನ್ ಅಡುಗೆಮನೇಲೇ ಗಂಡು ತೋರಿಸ್ತೀಯಾ ಅತ್ತೆ?"

"ನಡುಮನೇಗೇ ಮಸಿ ಬಳಿಯೋಣ. ನಗಬೇಡ. ಬಿಳೇಕಹಳ್ಳಿಯೋರು ಸೋಮವಾರ ಬತ್ತಾರೆ. ಇದೂ ತಪ್ಪೋದ್ರೆ ಸುಬ್ರಹ್ಮಣ್ಯಪುರದ ಚಿಕ್ಕಣ್ಣನೇ ಗತಿ. ನಿಮ್ಮಪ್ಪ ಆಗ್ಲೇ ಹೂಂ ಅನ್ನೋ ಹಂಗವ್ನೆ."

ಬೈರಮ್ಮ ನಗುವುದನ್ನು ನಿಲ್ಲಿಸಿದಳು. ಚಿಕ್ಕಣ್ಣ ಎರಡು ಹೆಂಡಿರನ್ನು ಕಳೆದುಕೊಂಡವನು, ಅವಳಪ್ಪನಿಗಿಂತ ದೊಡ್ಡವನು, ಎರಡೂ ಕಣ್ಣಿಗೆ ಪೊರೆ ಬಂದವನು. ಬಣ್ಣ ಕೇಳುವುದಿಲ್ಲವೆಂಬುದೇ ಅವನ ದೊಡ್ಡ ಗುಣವೆಂದು ಊರಲ್ಲಿ ಮಾತಿತ್ತು. ಕಳೆದ ಸಂಕ್ರಾಂತಿಯಲ್ಲಿ ಅವನು ಯಾರದೋ ಎಮ್ಮೆಯನ್ನು ಕುರಿತು, "ಚೆನ್ನಾಗಿದ್ದೀಯೇನಮ್ಮ, ಊಟ ಆಯ್ತಾ?" ಎಂದು ಕೇಳಿದ್ದನ್ನು ಬೈರಮ್ಮ ಕಣ್ಣಾರೆ ಕಂಡಿದ್ದಳು.

ಇದ್ದಿಲು ಕುಟ್ಟಲು ಅವಳೇ ಒನಕೆ ಎತ್ತಿಕೊಂಡಳು.

ಸಗಣಿಗೆ ಇದ್ದಿಲ ಪುಡಿ ಕಲಸಿ ಬಳಿಯುವುದು ಹೊಸದೇನಲ್ಲ. ಆದರೆ ಅದು ನೆಲಕ್ಕೆ. ಗೋಡೆಗೆ ಬಳಿದದ್ದನ್ನು ಮೊದಲೇ ಕಂಡರೆ ಕೇರಿಯವರು ಏನೆಂದು ಕೇಳುತ್ತಾರೆಂದು ಅಂಜನಮ್ಮ ಭಾನುವಾರ ಕತ್ತಲಾಗುವವರೆಗೂ ಕಾದು, ಬಾಗಿಲು ಹಾಕಿಕೊಂಡು ಬಳಿದಳು. ಶ್ರಾವಣದ ಮೋಡ ಮುಚ್ಚಿತ್ತು. ಬಿಸಿಲಿನ ಸುಳಿವಿಲ್ಲ. ಸೋಮವಾರ ಬೆಳಗ್ಗೆ ಗೋಡೆಗೆ ಒಂದು ಬೆರಳು ಮುಟ್ಟಿಸಿ, ಬೆರಳನ್ನು ಸೀರೆಗೆ ಒರೆಸಿಕೊಂಡು, "ಒಣಗೈತೆ," ಎಂದಳು.

ಬಿಳೇಕಹಳ್ಳಿಯಿಂದ ಬಂದವರು ಇಬ್ಬರೇ. ಒಬ್ಬಾಕೆ ಮುನಿವೆಂಕಟಮ್ಮ, ಹಳದಿ ರೇಷ್ಮೆ ಸೀರೆ. ಇನ್ನೊಬ್ಬ ಅವಳ ಮಗ ರಾಮಯ್ಯ, ಲಾರಿ ಗ್ಯಾರೇಜಿನಲ್ಲಿ ಫಿಟ್ಟರ್, ಗಂಜಿ ಹಾಕಿದ ಬಿಳಿ ಅಂಗಿ. ಬಾಗಿಲ ಸಂದಿಯಿಂದ ನೋಡಿದ ಬೈರಮ್ಮನಿಗೆ ಜೀವ ಬಂದಂತಾಯಿತು.

"ಅತ್ತೆ, ಆಯಮ್ಮ ನನ್ನಷ್ಟೇ ಕಪ್ಪಗವ್ಳೆ."

"ಅದಕ್ಕೇ ಹೆದರಿಕೆ," ಎಂದಳು ಅಂಜನಮ್ಮ. "ಕಪ್ಪಗಿರೋ ಅತ್ತೇರೇ ಬೆಳ್ಳಗಿರೋ ಸೊಸೆ ಬೇಕು ಅನ್ನೋದು. ಹೋಗು, ಗೋಡೆ ಪಕ್ಕಾನೇ ನಿಂತ್ಕೊ."

ಬೈರಮ್ಮ ಕಾಫಿಯ ತಟ್ಟೆ ಹಿಡಿದು ಗೋಡೆಗೆ ಬೆನ್ನು ತಾಗಿಸಿ ನಿಂತಳು. ಬಂದವರು ಚಾಪೆಯ ಮೇಲೆ ಕೂತು ಆರಾಮವಾಗಿ ಅದೇ ಗೋಡೆಗೆ ಒರಗಿಕೊಂಡರು. ತಿಮ್ಮರಾಯಪ್ಪನ ಮುಖ ಸಣ್ಣಗಾಯಿತು. ಅವನು ಏಳಿ ಎನ್ನುವಂತಿಲ್ಲ, ಒರಗಬೇಡಿ ಎನ್ನುವಂತಿಲ್ಲ.

"ಈ ಕಡೆ ಗಾಳಿ ಬತ್ತದೆ, ಬನ್ನಿ," ಎಂದು ನೋಡಿದ.

"ಇಲ್ಲೇ ತಂಪಾಗೈತೆ," ಎಂದು ಮುನಿವೆಂಕಟಮ್ಮ ಬೆನ್ನನ್ನು ಇನ್ನಷ್ಟು ಒತ್ತಿ ಕೂತಳು.

ರಾಮಯ್ಯ ಕಾಫಿ ಕುಡಿದು ಕೈ ತೊಳೆಯಲು ಎದ್ದ. ಅವನ ಬೆನ್ನು ಭುಜದಿಂದ ಸೊಂಟದವರೆಗೆ ಅಡಿ ಹತ್ತಿದ ಬಾಣಲೆಯಂತಿತ್ತು. ಬೈರಮ್ಮ ತುಟಿ ಕಚ್ಚಿಕೊಂಡಳು. ಮಗನ ಬೆನ್ನು ನೋಡಿದ ತಾಯಿ ಗಾಬರಿಯಾಗಿ ಎದ್ದಳು. ಹಳದಿ ರೇಷ್ಮೆಯ ಹಿಂಭಾಗ ನೋಡಿ ರಾಮಯ್ಯ ಬಾಯಿ ತೆರೆದ. ಅಷ್ಟರಲ್ಲಿ ಬೈರಮ್ಮ ತಟ್ಟೆ ಇಡಲು ತಿರುಗಿದಳು, ಅವಳ ಬೆನ್ನೂ ಅದೇ ಬಣ್ಣ. ಮೊದಲು ನಕ್ಕವನು ರಾಮಯ್ಯನೇ. ಅವನು ನಕ್ಕದ್ದೇ ತಡ, ಬೈರಮ್ಮನಿಗೆ ತಡೆಯಲಾಗಲಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣು ಹಲ್ಲು ಕಾಣಿಸಬಾರದೆಂದು ಹೇಳಿಕೊಟ್ಟದ್ದೆಲ್ಲ ಮರೆತು ಕಂಬ ಹಿಡಿದುಕೊಂಡು ನಕ್ಕಳು.

ಮುನಿವೆಂಕಟಮ್ಮ ನಗಲಿಲ್ಲ. "ಯಾರಾದ್ರೂ ಗೋಡೆಗೆ ಮಸಿ ಬಳೀತಾರಾ?"

ಅಂಜನಮ್ಮ "ಗೆದ್ದಲಿಗೆ" ಎಂದಳು. ತಿಮ್ಮರಾಯಪ್ಪ ಅದೇ ಗಳಿಗೆಗೆ "ದೃಷ್ಟಿಗೆ" ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾನು ಬೆಳ್ಳಗೆ ಕಾಣ್ಲಿ ಅಂತ ಬಳಿದ್ವಿ," ಎಂದಳು ಬೈರಮ್ಮ. ನಗು ಇನ್ನೂ ಗಂಟಲಲ್ಲೇ ಇತ್ತು.

ಮುನಿವೆಂಕಟಮ್ಮ ಅವಳನ್ನೇ ಸ್ವಲ್ಪ ಹೊತ್ತು ನೋಡಿದಳು. "ನನ್ನ ನೋಡಾಕೆ ಬಂದಾಗ ದೀಪದ ಬತ್ತಿ ಇಳಿಸಿಬಿಟ್ಟಿದ್ರು," ಎಂದಳು, ಯಾರಿಗೂ ಅಲ್ಲವೆಂಬಂತೆ. "ನಮ್ಮನೆಯೋರು ಲಗ್ನ ಆಗಿ ಬೆಳಗಾದ್ಮೇಲೆ ನನ್ನ ಮುಖ ನೋಡಿದ್ದು. ಆವತ್ತಿಂದ ಕರಿಯಿ ಅಂತಾನೇ ಕರೆದ್ರು, ಸಾಯೋವರ್ಗೂ. ಕೇರಿಯೋರೂ ಅದನ್ನೇ ಕಲಿತ್ರು." ಆಮೇಲೆ ಸೆರಗು ಎಳೆದುಕೊಂಡು, "ಹೇಳಿ ಕಳಿಸ್ತೀವಿ," ಎಂದು ಹೊರಟೇಬಿಟ್ಟಳು. ಬಸ್ಸು ಹತ್ತುವವರೆಗೂ ತಾಯಿ ಮಗ ಒಬ್ಬರ ಬೆನ್ನು ಒಬ್ಬರು ಮರೆಮಾಡಿಕೊಂಡು ನಡೆದರಂತೆ. ಕನಕಪುರ ರಸ್ತೆಯಲ್ಲಿ ನೋಡಿದವರು ಹೇಳಿದರು.

"ಆಯ್ತು," ಎಂದ ತಿಮ್ಮರಾಯಪ್ಪ. "ಶುಕ್ರವಾರ ಚಿಕ್ಕಣ್ಣನ ಹತ್ರ ಮಾತಾಡ್ತೀನಿ."

ಗುರುವಾರ ಮೋಡ ಹರಿದು ಬಿಸಿಲು ಬಿತ್ತು. ಬೈರಮ್ಮ ಮಿಕ್ಕ ಸುಣ್ಣವನ್ನು ಕಲಸಿ, ಏಣಿ ಹಾಕಿಕೊಂಡು ಗೋಡೆಯನ್ನು ಮತ್ತೆ ಬಿಳಿ ಮಾಡತೊಡಗಿದಳು. ಯಾರ ಮನೆಗಾದರೂ ಹೋಗಲಿ, ಹೋಗುವವರೆಗೆ ಆ ಕಪ್ಪು ಗೋಡೆಯನ್ನು ನೋಡಿಕೊಂಡು ಇರುವುದು ಅವಳಿಂದ ಆಗುತ್ತಿರಲಿಲ್ಲ.

"ಮನೇಲಿ ಯಾರವ್ರೆ?"

ಬಾಗಿಲಲ್ಲಿ ಮುನಿವೆಂಕಟಮ್ಮ, ಒಬ್ಬಳೇ. ಏಣಿಯ ಮೇಲಿದ್ದ ಬೈರಮ್ಮ ತಿರುಗಿದಳು. ತಲೆ, ಹುಬ್ಬು, ಮೂಗು, ಕೆನ್ನೆ, ಎಲ್ಲ ಸುಣ್ಣ.

"ಒಳ್ಳೆ ಬೆಳ್ಳಗಿದ್ದೀಯಲ್ಲೇ," ಎಂದಳು ಮುನಿವೆಂಕಟಮ್ಮ. "ಇಳಿ. ನನ್ನ ಮಗ ಆ ಮಸಿ ಅಂಗೀನೇ ಹಾಕ್ಕೊಂಡು ಗ್ಯಾರೇಜಿಗೆ ಹೋಗ್ತಾನೆ. ಒಗೆಯಾಕೆ ಕೊಡೋ ಅಂದ್ರೆ ನಗ್ತಾನೆ. ಇನ್ನೊಂದು ಹೆಣ್ಣು ನೋಡೋಣ ಅಂದ್ರೂ ನಗ್ತಾನೆ. ಮುಖ ತೊಳ್ಕೊಂಡು ಬಾ, ಬಿಸಿಲಲ್ಲಿ ಸರಿಯಾಗಿ ನೋಡ್ಬೇಕು."

ಅಡುಗೆಮನೆಯಿಂದ ಅಂಜನಮ್ಮನ ಪಿಸುಮಾತು ಕೇಳಿಸಿತು. "ತೊಳೀಬೇಡ ಕಣೇ. ಹಂಗೇ ಇರು."

ಬೈರಮ್ಮ ಬಾವಿಗೆ ಹೋಗಿ ಮುಖ ತೊಳೆದು ಬಂದು, ನಡುಮಧ್ಯಾಹ್ನದ ಬಿಸಿಲಲ್ಲಿ ಅಂಗಳದಲ್ಲಿ ನಿಂತಳು. ಮುನಿವೆಂಕಟಮ್ಮ ಅವಳ ತೋಳಿನ ಪಕ್ಕಕ್ಕೆ ತನ್ನ ತೋಳು ಹಿಡಿದು, ಸೀರೆ ಅಂಗಡಿಯಲ್ಲಿ ಬಣ್ಣ ಹೊಂದಿಸುವವರ ಹಾಗೆ, ಅತ್ತಿತ್ತ ತಿರುಗಿಸಿ ನೋಡಿದಳು. ಅವಳ ಮುಖ ಅರಳಿತು.

"ನನಗಿಂತ ಒಂದ್ ಕೈ ಜಾಸ್ತೀನೇ. ಒಳ್ಳೇದೇ ಆಯ್ತು ಬಿಡು. ನೀನು ಪಕ್ಕದಲ್ಲಿದ್ರೆ ನಮ್ಮ ಕೇರೀಲಿ ಇನ್ಮೇಲೆ ನನ್ನ ಯಾರೂ ಕರಿಯಿ ಅನ್ನಾಕಿಲ್ಲ."

ಮಸಿಗೋಡೆಗೆ ಆನಿಸಿದ ಬದನೆಕಾಯಿ ಬೈರಮ್ಮನಿಗೆ ನೆನಪಾಯಿತು. ಒಳಗೆ ಅಂಜನಮ್ಮ ಉಸಿರು ಬಿಗಿಹಿಡಿದದ್ದು ಅಂಗಳಕ್ಕೇ ಗೊತ್ತಾಗುತ್ತಿತ್ತು. ಸುಮ್ಮನಿದ್ದರೆ ಚಿಕ್ಕಣ್ಣ ತಪ್ಪುತ್ತಾನೆ. ಸುಮ್ಮನಿರುವುದೇನು ಕಷ್ಟವೂ ಅಲ್ಲ.

"ಆ ಕೆಲಸಕ್ಕೆ ಗೋಡೆ ಸಾಕಲ್ಲಮ್ಮ," ಎಂದಳು. "ಅರ್ಧ ಕೊಡ ಮಸಿ ಇನ್ನೂ ಮಿಕ್ಕೈತೆ. ತಗೊಂಡೋಗಿ ನಿಮ್ಮನೇ ಗೋಡೆಗೆ ಬಳ್ಕೊಳ್ಳಿ. ನಾನಂತೂ ಗೋಡೆಯಾಗಾಕೆ ಬರಾಕಿಲ್ಲ."

ಒಳಗೆ ಪಾತ್ರೆಯೊಂದು ಉರುಳಿತು. ಮುನಿವೆಂಕಟಮ್ಮನ ಕೈ ಹಾಗೇ ನಿಂತಿತು. ಅವಳು ತನ್ನ ತೋಳನ್ನು ನೋಡಿದಳು, ಹುಡುಗಿಯ ತೋಳನ್ನು ನೋಡಿದಳು, ಆಮೇಲೆ ನಿಧಾನಕ್ಕೆ ಕೈ ಇಳಿಸಿ ಸೆರಗಿನೊಳಗೆ ಇಟ್ಟುಕೊಂಡಳು. ತೆರೆದ ಬಾಗಿಲಾಚೆ ಅರ್ಧ ಬಿಳಿ, ಅರ್ಧ ಕಪ್ಪಾಗಿ ನಿಂತಿದ್ದ ನಡುಮನೆಯ ಗೋಡೆಯತ್ತ ತಿರುಗಿದಳು.

"ಮಸಿ ಬೇಡ," ಎಂದಳು. "ಸುಣ್ಣ ಎಷ್ಟು ಮಿಕ್ಕೈತೆ? ಲಗ್ನಕ್ಕೆ ಮುಂಚೆ ನಮ್ಮನೇಗೂ ಹೊಡಿಸ್ಬೇಕು."

"ಯಾರ ಲಗ್ನ?" ಎಂದು ಕೇಳುತ್ತ ಅಂಜನಮ್ಮ ಹೊರಗೆ ಬಂದಳು. ಅವಳ ಕೈಯಲ್ಲಿ ಪೌಡರ್ ಡಬ್ಬಿ ಇತ್ತು.